ಚೌಕಟ್ಟಿನ ಇಂಗ್ಲಿಷಿಗೆ ಕುಂಕುಮ

ದೋಸ್ತರ, ಇವತ್ತ ಮುಂಜಾನೆ ಗೋವಾದ ಮಡ್ಕಯಿಯ ನಮ್ಮ ಫ್ಯಾಕ್ಟರಿಯೊಳಗ ಒಂದು ಸೂಚನಾ ಹಾಳಿಗೆ ದಾಸವಾಳ ಏರೇತಿ.

ಮಷೀನ್ ಹೆಂಗ ನಡಸಬೇಕು ಅಂತ ಇಂಗ್ಲಿಷಿನ್ಯಾಗ ಬರಿಯೋದು ನನ್ನ ಕೆಲಸ. ಓದೋರು ವಿಜಯಪುರ, ಒಡಿಶಾ, ಝಾರ್ಖಂಡದವ್ರು; ಇಂಗ್ಲಿಷ್ ಅಷ್ಟಕ್ಕಷ್ಟ. ಅದಕ್ಕ ರಟ್ಟು ಕತ್ತರಸೋ ಮಷೀನಿಗೆ "ಸ್ವಿಚ್ ಆಫ್ ಫಸ್ಟ್. ದೆನ್ ಓಪನ್ ಕವರ್" ಅಂತ ಬರದಿದ್ದೆ. ಮ್ಯಾನೇಜರ್ ಸಾಹೇಬ್ರು "ಇದೇನ್ರಿ ಬಾಲವಾಡಿ ಇಂಗ್ಲಿಷ್?" ಅಂದು, "ಪ್ರಯರ್ ಟು ಇಂಟರ್ವೆನ್ಶನ್, ಐಸೊಲೇಟ್ ದಿ ಎನರ್ಜಿ ಸೋರ್ಸ್" ಅಂತ ತಿದ್ದಿ, ಗಾಜಿನ ಚೌಕಟ್ಟ ಹಾಕಿಸಿ ಗ್ವಾಡಿಗೆ ತೂಗಹಾಕಿಸಿದ್ರು.

ಪ್ರತಿ ಶುಕ್ರವಾರ ಮಷೀನಿನ ಪೂಜಿ ಮಾಡೋಕಿ ನಮ್ಮ ಶಾಂತವ್ವ. ಇವತ್ತ ಮೊದಲ ಆ ಚೌಕಟ್ಟಿಗೆ ಹೂ ಏರಿಸಿ, ಕುಂಕುಮ ಹಚ್ಚಿ ಕೈ ಮುಗಿದ್ಲು. ಆಮ್ಯಾಲ ಕವರ್ ತಗದು ಬ್ಲೇಡಿಗೂ ಕುಂಕುಮ ಹಚ್ಚಾಕ ಒಳಗ ಕೈ ಹಾಕಿದ್ಲು. ಸ್ವಿಚ್ ಹಾಕಿದ್ದೇ ಇತ್ತು. ಆ ಕಡೆ ಮಷೀನ್ ಚಾಲೂ ಮಾಡೋ ಬಟನ್ ಒತ್ತಾಕ ನಿಂತಿದ್ದ ಆಪರೇಟರ್, ನಾ ಒದರಿದ್ದಕ್ಕ ಬೆರಳ ಹಿಂದ ತಗೊಂಡ.

"ಯವ್ವಾ, ಸ್ವಿಚ್ ಬಂದ್ ಮಾಡು ಅಂತ ಅಲ್ಲೇ ಬರದೈತಲ್ಲ!"

"ಅದಾ? ಸಾಹೇಬ್ರಿಗೆ ಕೊಟ್ಟ ಸರ್ಟಿಫಿಕೇಟ್ ಅಂತ ಮಾಡಿದ್ದೆ, ತಮ್ಮಾ. ಚೌಕಟ್ಟ ಹಾಕ್ಯಾರಲ್ಲ."

ಗದ್ದಲ ಕೇಳಿ ಸಾಹೇಬ್ರು ಬಂದ್ರು. ಎಲ್ಲಾ ಬಿಡಿಸಿ ಹೇಳಿದೆ. ಗಾಜಿನ ಮ್ಯಾಲಿನ ಕುಂಕುಮ ನೋಡಿ ಅಂದ್ರು: "ಇದಕ್ಕ ಕುಂಕುಮ ಹಚ್ಚಬಾರದು ಅಂತ ಇನ್ನೊಂದು ನೋಟಿಸ್ ಬರೀರಿ. ಇಂಗ್ಲಿಷ್ ಮಾತ್ರ ಭಾರಿ ಇರ್ಲಿ."

ಬರಿಯಾಕತ್ತೇನಿ, ಇದಕ್ಕೂ ಚೌಕಟ್ಟ ಬರತೈತಿ. ಸ್ವಿಚ್ಚಿನ ಮಾತು ಶಾಂತವ್ವಗ ಬಾಯಿಲೇ ಹೇಳೇನಿ. ಮುಂದಿನ ಶುಕ್ರವಾರ ಒಂದು ಹೂ ಹೆಚ್ಚಿಗಿ ತಾ ಅಂತನೂ ಹೇಳೇನಿ.