ಚೆಂಡುಹೂವಿನ ಮಾಲೆ ಹೋದ ದಾರಿ

ಎರಡು ವರ್ಷದ ಹಿಂದೆ, ದೀಪಾವಳಿ ಕಳೆದ ವಾರದ ಮಾತು. ಆಗ ನಾನಿನ್ನೂ ಇಳಕಲ್ಲಿನಲ್ಲಿ ಬಾಡಿಗೆ ಟೆಂಪೊ ಓಡಿಸುತ್ತಿದ್ದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಬೋರ್ಡು ಓದುವುದಕ್ಕಿಂತ ದಾರಿಯಲ್ಲಿ ನಿಂತವರನ್ನು ಕೇಳಿಯೇ ಮೂವತ್ತು ವರ್ಷ ಗಾಡಿ ಹೊಡೆದೆ. ಕರೆದುಕೊಂಡು ಹೋದ ಒಬ್ಬರನ್ನೂ ಕಳೆದುಕೊಂಡು ಬಂದಿಲ್ಲ ಎಂಬುದೇ ನನ್ನ ಹೆಮ್ಮೆ. ಆ ಹೆಮ್ಮೆ ಅಂದು ಮೊಣಕಾಲುದ್ದದ ನೀರಿನಲ್ಲಿ ಮುಳುಗುವುದರಲ್ಲಿತ್ತು. ಉಳಿಸಿದವಳು ನನ್ನ ಮಗಳ ಮಗಳು ಪೂರ್ಣಿಮಾ. ಅವಳ ವಿಷಯ ಬರೆಯಲು ಕುಳಿತರೆ ಪೆನ್ನು ತಾನೇ ಓಡುತ್ತದೆ.

ನಮ್ಮ ಓಣಿಯ ನೇಕಾರರ ಮನೆಗಳ ಹತ್ತು ಹೆಣ್ಣುಮಕ್ಕಳನ್ನು ಗೋಕರ್ಣಕ್ಕೆ ಕರೆದೊಯ್ದಿದ್ದೆ. ಅವರಲ್ಲಿ ಹಿರಿಯಳು ಗುರವ್ವ. ತಿರುಗಿ ಬರುವಾಗ ಕುಮಟಾದಲ್ಲಿ ಪೂರ್ಣಿಮಾ ಹತ್ತಿದಳು. ಅಲ್ಲಿಯ ಒಂದು ದವಾಖಾನೆಯಲ್ಲಿ ಅವಳು ನರ್ಸ್. ರಜೆ ಹಾಕಿ ಊರಿಗೆ ಹೊರಟಿದ್ದಳು.

ಮಂದಿ ಇಲ್ಲದ ಕಡೆ ಸಮುದ್ರಸ್ನಾನ ಆಗಲೇಬೇಕೆಂದು ಗುರವ್ವನ ಹಟ. ಅಲ್ಲೇ ಕುಮಟಾದ ಹತ್ತಿರ ಎರಡು ಗುಡ್ಡಗಳ ಸಂದಿಯಲ್ಲಿ, ಗಾಳಿಗೆ ಮರೆಯಾಗಿ, ಒಂದು ಸಣ್ಣ ದಂಡೆ ಕಂಡಿತು. ಎಡಕ್ಕೂ ಬಲಕ್ಕೂ ತೆರೆಗಳು ಬೆಳ್ಳಗೆ ಒಡೆಯುತ್ತಿದ್ದವು. ನಡುವಿನ ಒಂದು ಪಟ್ಟಿ ಮಾತ್ರ ತೆರೆಯೇ ಇಲ್ಲದೆ ಸಪಾಟಾಗಿತ್ತು. ಕೂಡಲಸಂಗಮದ ಹೊಳೆ ನೋಡಿ ಬೆಳೆದ ಕಣ್ಣು ನನ್ನದು. "ನಡುವ ಇಳೀರಿ, ಅಲ್ಲಿ ನೀರು ತಣ್ಣಗ ನಿಂತೈತಿ" ಎಂದೆ.

ಹೊಳೆಯಲ್ಲಿ ಮುಳುಗುವಾಗ ಯಾರೂ ಜಾರಬಾರದೆಂದು ಇವರು ಒಬ್ಬರ ಸೆರಗಿಗೆ ಇನ್ನೊಬ್ಬರ ಸೆರಗು ಗಂಟು ಹಾಕಿಕೊಳ್ಳುತ್ತಾರೆ. ಇಲ್ಲಿಯೂ ಹಾಗೇ ಮಾಡಿ ಸಾಲಾಗಿ ಇಳಿದರು. ಗುರವ್ವ ಮೊದಲು ನೀರಿನ ತಾಯಿ ಗಂಗವ್ವನಿಗೆಂದು ಚೆಂಡುಹೂವಿನ ಮಾಲೆ ತೇಲಿಬಿಟ್ಟಳು.

ಗಾಡಿಯಿಂದ ಚೀಲ ಇಳಿಸುತ್ತಿದ್ದ ಪೂರ್ಣಿಮಾ ಓಡಿ ಬಂದಳು. "ಆಯಿ, ಒಂದ್ ಹೆಜ್ಜಿನೂ ಮುಂದ ಇಡಬ್ಯಾಡ್ರಿ."

"ಯಾಕ ನರ್ಸಬಾಯಿ, ಸಮುದ್ರಕ್ಕೂ ಸೂಜಿ ಚುಚ್ಚಾಕ ಬಂದಿಯೇನು?" ಎಂದಳು ಗುರವ್ವ.

"ಚುಚ್ಚೂದು ಆಮ್ಯಾಲ. ಮೊದಲ ನಿಮ್ಮ ಮಾಲಿ ಎತ್ತಾಗ ಹೊಂಟೈತಿ ನೋಡ್ರಿ."

ದಂಡೆಗೆ ಬರಬೇಕಾದ ಮಾಲೆ ಕಡಲ ಕಡೆಗೆ ಹೊರಟಿತ್ತು. ಅವರು ದಂಡೆಗೆ ಸರಿದು ಎರಡು ಗಂಟು ಬಿಚ್ಚುವುದರೊಳಗೆ ಅದು ಗುಡ್ಡದ ಬುಡದ ಬಂಡೆ ದಾಟಿ ಹೋಯಿತು. ಪೂರ್ಣಿಮಾ ಬಿಡಿಸಿ ಹೇಳಿದಳು. ತೆರೆ ತಂದ ನೀರೆಲ್ಲ ಆ ಸಪಾಟು ಪಟ್ಟಿಯಿಂದಲೇ ಕಡಲಿಗೆ ಮರಳುತ್ತದಂತೆ. ಅದಕ್ಕೆ ರಿಪ್ ಕರೆಂಟ್ ಎನ್ನುತ್ತಾರಂತೆ. ಒಬ್ಬಳ ಕಾಲು ಕಿತ್ತಿದ್ದರೆ ಗಂಟು ಹಾಕಿಕೊಂಡ ಹತ್ತೂ ಜನ ಅದೇ ದಾರಿ ಹಿಡಿಯುತ್ತಿದ್ದರು. ಅಲ್ಲಿ ಇಳಿಯಿರಿ ಎಂದವನು ನಾನೇ. ಪೂರ್ಣಿಮಾಳ ಹತ್ತಿರ ಹೋಗಿ ಕೇಳಿದೆ.

"ನಿನಗ ಹ್ಯಾಂಗ ಗೊತ್ತಾತವಾ?"

"ಘಟ್ಟದ ಮ್ಯಾಲಿನ ಮಂದಿ ತೆರಿ ಇಲ್ಲದ ತಣ್ಣನ ನೀರು ಹುಡುಕಿ ಇಳೀತಾರಜ್ಜಾ. ಆಮ್ಯಾಲ ನಮ್ಮ ದವಾಖಾನಿಗೆ ಬರ್ತಾರ. ಎಲ್ಲಾರೂ ಉಳಿಯಂಗಿಲ್ಲ."

ದಂಡೆಯ ತುದಿಯಲ್ಲಿ ಬಲೆ ಸರಿಮಾಡುತ್ತಿದ್ದ ಮೀನುಗಾರನನ್ನು ಅವಳೇ ಹೋಗಿ ಕೇಳಿದಳು. ಬಲಗಡೆ ಮರಳು ಗಟ್ಟಿ, ನೀರು ಏರುವ ಹೊತ್ತು ಬರುವ ತನಕ ಮೊಣಕಾಲಿನವರೆಗೆ ಇಳಿಯಬಹುದು ಎಂದು ಆತ ಜಾಗ ತೋರಿಸಿದ. ಪೂರ್ಣಿಮಾ ಎಲ್ಲರ ಸೀರೆ ಎತ್ತಿ ಕಟ್ಟಿಸಿ, ಮೂರು ಮೂರು ಜನರನ್ನೇ ಬಿಟ್ಟಳು. ಉಳಿದವರಿಗೆ ದಂಡೆಯ ಕಾವಲು.

"ತೆರಿಗೆ ಬೆನ್ನ ಕೊಡಬ್ಯಾಡ್ರಿ. ನೀರು ಎಳದ್ರ ಅದರ ಕೂಡ ಜಗಳಾಡಬ್ಯಾಡ್ರಿ, ದಂಡಿ ಗುಂಟ ಅಡ್ಡ ಸರೀರಿ. ಒಬ್ಬರನ್ನ ಹಿಡಿಯಾಕ ಇನ್ನೊಬ್ಬರು ಹಾರಬ್ಯಾಡ್ರಿ."

ಓಣಿಯನ್ನೆಲ್ಲ ಆಳುವ ಗುರವ್ವ ಅವಳು ಹೇಳಿದ ಹಾಗೆಯೇ ತೆರೆಗೆ ಮುಖ ಮಾಡಿ ನಿಂತಳು. ಆಮೇಲೆ ತೆರೆ ಬಡಿದಾಗಲೆಲ್ಲ ಸಣ್ಣ ಹುಡುಗಿಯಂತೆ ನಕ್ಕಳು. ನಾನು ಬಂಡೆಯ ಮೇಲೆ ಕುಳಿತು ಹತ್ತು ತಲೆ ಎಣಿಸಿದೆ, ಮತ್ತೆ ಎಣಿಸಿದೆ. ನಡುನಡುವೆ ನನ್ನ ಬೆರಳು ಹಿಡಿದು ನಡೆಯಲು ಕಲಿತ ಪೂರ್ಣಿಮಾಳನ್ನು ನೋಡಿದೆ. ಕಣ್ಣು ತುಂಬಿ ಎಣಿಕೆ ತಪ್ಪುತ್ತಿತ್ತು.

ದಾರಿ ಗೊತ್ತಿಲ್ಲದ ಕಡೆ ನಾನು ಎಂದೂ ಕೇಳದೆ ಗಾಡಿ ತಿರುಗಿಸಿದವನಲ್ಲ. ಅಂದು ಮಾತ್ರ, ನೀರು ನನಗೆ ಗೊತ್ತು ಎಂದುಕೊಂಡೆ. ಗೊತ್ತಿದೆ ಎನಿಸಿದ ಕಡೆಯೂ ನಿಂತು, ಅಲ್ಲಿಯವರನ್ನು ಕೇಳಬೇಕು. ಈ ಕೆಲಸ ನನಗೆ ಇದನ್ನು ಕಲಿಸಲು ಮೂವತ್ತು ವರ್ಷ ತೆಗೆದುಕೊಂಡಿತು, ಅದೂ ಮೊಮ್ಮಗಳ ಕೈಯಿಂದ.

ನನ್ನ ಗಾಡಿಯ ಮುಂದಿನ ಸೀಟು ಯಾವಾಗಲೂ ಹಿರಿಯರಿಗೆ. ಇಳಕಲ್ಲಿನಿಂದ ಅದನ್ನು ಯಾರಿಗೂ ಬಿಟ್ಟುಕೊಡದ ಗುರವ್ವ, ಹೊರಡುವಾಗ ತಾನೇ ಬಾಗಿಲು ತೆಗೆದು ಪೂರ್ಣಿಮಾಳ ರಟ್ಟೆ ಹಿಡಿದಳು.

"ಹತ್ತ ಮುಂದ. ಇವತ್ತ ನಮ್ಮೊಳಗ ಹಿರ್ಯಾಕಿ ನೀನ."