ತೆಂಗಿನ ನಾರಿನ ರಕ್ಕಸ

ಮೊನ್ನೆ ಸುರಿದ ಅಕಾಲದ ಮಳೆಗೆ ಹೊಸ್ತಿಲ ಹೊರಗಿನ ಕಾಲೊರಸು ತೊಯ್ದುಹೋಯಿತು. ತೆಂಗಿನ ನಾರಿನ ಕಾಲೊರಸು. ಅದನ್ನೆತ್ತಿ ನೀರು ಹಿಂಡುವಾಗ ಒಂದು ವಾಸನೆ ಎದ್ದು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿತು. ಶರಾವತಿಯ ಅಳಿವೆಯ ಉಪ್ಪುನೀರಿನಲ್ಲಿ ಸಿಪ್ಪೆ ಹೂಳಿ, ಕೊಳೆಸಿ, ಬಡಿದು ನಾರು ತೆಗೆಯುತ್ತಿದ್ದ ಹೊನ್ನಾವರದಲ್ಲಿ ಬೆಳೆದವನಿಗೆ ಆ ವಾಸನೆ ಅಪರಿಚಿತವೇನಲ್ಲ. ಆದರೆ ಈ ಸಲ ಅದು ನೆನಪಿಸಿದ್ದು ಊರನ್ನಲ್ಲ, ಒಬ್ಬ ರಕ್ಕಸನನ್ನು… ಡೇರೆಯ ಪರದೆಯ ಮೇಲೆ, ಕಡಲಗಾಳಿಗೆ ಉಬ್ಬುತ್ತ ಕುಗ್ಗುತ್ತ, ನಿಜವಾಗಿಯೂ ಉಸಿರಾಡುತ್ತಿರುವಂತೆ ಕಾಣುತ್ತಿದ್ದ ರಕ್ಕಸನನ್ನು.

ಆ ರಕ್ಕಸ ನಮ್ಮ ಪಕ್ಕದ ಮನೆಯವರು. ಯಕ್ಷಗಾನ ಮೇಳವೊಂದರಲ್ಲಿ ಬಹುಕಾಲ ರಾಕ್ಷಸ ಪಾತ್ರ ಮಾಡಿದ್ದರಿಂದ ಊರು ಅವರನ್ನು ವೇಷದಣ್ಣ ಎಂದೇ ಕರೆಯುತ್ತಿತ್ತು. ಕತಗಾಲ ಎಂಬ ಊರಿನ ಗದ್ದೆಬಯಲಿನಲ್ಲಿ ಅವರ ಪ್ರವೇಶವನ್ನು ನಾನು ಚಿಕ್ಕವನಿದ್ದಾಗ ಕಂಡಿದ್ದೇನೆ. ಮೊದಲು ಹಿಡಿದ ತೆರೆಯ ಹಿಂದಿನಿಂದ ಒಂದು ಆರ್ಭಟ; ಆಮೇಲೆ ದೀವಟಿಗೆಗೆ ಎರಚಿದ ರಾಳ ಭುಗ್ಗೆಂದು ಉರಿದು, ಆ ಬೆಳಕಿನಲ್ಲಿ ಕ್ಷಣಮಾತ್ರ ಕಾಣುವ ಮುಖ. ಮಕ್ಕಳು ತಾಯಂದಿರ ಸೆರಗಿಗೆ ನುಗ್ಗುತ್ತಿದ್ದರು. ಬಯಲಿಗೆ ಬಯಲೇ ಉಸಿರು ಬಿಗಿಹಿಡಿಯುತ್ತಿತ್ತು. ಆ ಮೌನವನ್ನು ಅವರು ಚಪ್ಪಾಳೆಗಿಂತ ದೊಡ್ಡದೆಂದು ತಿಳಿದಿದ್ದರು. ವರ್ಷಗಟ್ಟಲೆ ಹಾರಿ ಮಂಡಿಯೂರಿ ಬಿದ್ದ ಎಡಗಾಲು ಒಂದು ದಿನ ಏಳಲು ಒಪ್ಪಲಿಲ್ಲ. ಮೇಳ ಬೇರೆಯವರನ್ನು ಹುಡುಕಿಕೊಂಡಿತು.

ಅರವತ್ತರ ದಶಕದ ಆರಂಭದ ಒಂದು ದೀಪಾವಳಿ ಕಳೆದ ಮೇಲೆ ಅವರು ಮದರಾಸಿಗೆ ಹೋದರು. ಗೋದಾಮು ಕಾಯುವ ಕೆಲಸ, ಕೂತು ಮಾಡುವಂಥದು ಎಂದು ಹೆಂಡತಿಗೆ ಹೇಳಿದ್ದರು. ನಾನು ಅತ್ತಿಗೆ ಎನ್ನುತ್ತಿದ್ದ ಆಕೆ ಮನೆಯ ಅಂಗಳದಲ್ಲಿ ನಾರಿನ ಹಗ್ಗ ಹೊಸೆಯುತ್ತಿದ್ದವರು. ಮಾತು ಕಡಿಮೆ, ಆಡಿದ ಮಾತು ಮೊನಚು. ಮುಂದಿನ ಮಳೆಗಾಲಕ್ಕೆ ಮೊದಲು ವೇಷದಣ್ಣ ಮರಳಿದಾಗ ಮೈ ಇಳಿದಿತ್ತು, ಕುಂಟು ಹೆಚ್ಚಿತ್ತು. ಅತ್ತಿಗೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಕೂತದ್ದು ಸ್ವಲ್ಪ ಜಾಸ್ತಿ ಆಯ್ತು ಕಾಣ್ತದೆ” ಎಂದರಂತೆ.

ನಾನಾಗ ಕಾಲೇಜು ಮುಗಿಸಿ ಊರಿಗೆ ಬಂದಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಬಟ್ಟಲುಗಳು ಗೂಡಿನಲ್ಲಿದ್ದವು. ಪ್ರತಿಯೊಂದು ಪ್ರಶ್ನೆಗೂ ಎರಡು ಪಕ್ಷಗಳಿವೆ, ಎರಡನ್ನೂ ಸಭೆಯ ಮುಂದಿಟ್ಟರೆ ಸತ್ಯ ತಾನಾಗಿ ಎದ್ದು ನಿಲ್ಲುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು. ಇಂದಿಗೂ ಅದನ್ನು ಪೂರ್ತಿ ಬಿಟ್ಟಿಲ್ಲ. ಭೂತಪ್ರೇತಗಳ ಭಯ ತೊಲಗಿದ ಹೊರತು ನಮ್ಮ ಕರಾವಳಿಯ ಬಡವರು ತಲೆಯೆತ್ತಲಾರರು ಎಂದು ತರುಣರ ಸಂಘವೊಂದನ್ನು ಕಟ್ಟಿ, ವಾಚನಾಲಯದ ಜಗಲಿಯಲ್ಲಿ ಸಭೆ ನಡೆಸುತ್ತಿದ್ದೆವು.

ಮರುವರ್ಷ, ಬೇಸಿಗೆಯಲ್ಲಿ, ನದಿಯಂಚಿನ ಮೈದಾನದ ಟೂರಿಂಗ್ ಟಾಕೀಸಿಗೆ ಒಂದು ಚಿತ್ರ ಬಂದಿತು. ಹೆಸರು ಮರೆತುಹೋಗಿದೆ… ಎತ್ತಿನ ಗಾಡಿಯಿಂದ ಎಸೆದ ಹ್ಯಾಂಡ್‌ಬಿಲ್ಲಿನಲ್ಲಿ ಮೈತುಂಬ ಕೂದಲಿನ ಒಂದು ಪ್ರಾಣಿ, ಅದರ ತೋಳಿನಲ್ಲಿ ಮೂರ್ಛೆ ಹೋದ ನಾಯಕಿ. ಇಂಥ ಚಿತ್ರಗಳು ಸಮಾಜಕ್ಕೆ ಬೇಡ ಎಂಬ ನಿರ್ಣಯವನ್ನು ಅಂದೇ ಬರೆದೆ. ಓದಿ ತೋರಿಸಲು ವೇಷದಣ್ಣನ ಜಗಲಿಗೆ ಹೋದೆ. ಅವರು ನಿರ್ಣಯ ಕೇಳಿಸಿಕೊಳ್ಳಲಿಲ್ಲ. ಹ್ಯಾಂಡ್‌ಬಿಲ್ಲನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಒಳಗೆ ಅತ್ತಿಗೆ ಇಲ್ಲವೆಂದು ಖಾತ್ರಿ ಮಾಡಿಕೊಂಡು ತಗ್ಗಿದ ದನಿಯಲ್ಲಿ ಹೇಳಿದರು:

“ಇದು ನಾನೇಯ, ತಮಾ.”

ಹೆದರಿಸಬಲ್ಲವನು ಬೇಕೆಂದು ಮದರಾಸಿನ ಚಿತ್ರ ಕಂಪನಿಯವರು ಕರೆಸಿದ್ದರಂತೆ. ಬಂಡವಾಳ ಅಷ್ಟಕ್ಕಷ್ಟೆ. ಗೋಣಿಗೆ ತೆಂಗಿನ ನಾರು ಹೊಲಿದು ಮೈತುಂಬ ತೊಡಿಸಿ, ಕೊಳದಲ್ಲಿ ಮುಳುಗಿಸಿ, ಬಿಸಿಲಿನಲ್ಲಿ ಗುಡ್ಡ ಹತ್ತಿಸಿ ಓಡಿಸಿದರು. ಒದ್ದೆ ನಾರಿನ ವಾಸನೆ ಬಂದಾಗಲೆಲ್ಲ ಮನೆಯ ಅಂಗಳ ನೆನಪಾಗುತ್ತಿತ್ತು ಎಂದರು. ಹೆಂಡತಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಗೋದಾಮು ಕಾಯೂಕೆ ಹೋಗ್ತೆ ಹೇಳಿ ಹೋದಂವ. ಈಗ ಎಂತ ಹೇಳುದು? ಮೈಮೇಲೆ ನಿನ್ನ ನಾರೇ ಸುತ್ಕಂಡಿದ್ದೆ ಹೇಳ್ಲಾ?”

ಮಳೆ ಮುಗಿದ ಮೇಲೆ ಇನ್ನೊಂದು ಚಿತ್ರಕ್ಕೆ ಕರೆಯುತ್ತೇವೆ ಎಂದು ಕಂಪನಿ ತಿಳಿಸಿತ್ತು. ಹೋಗಬೇಕೋ ಬೇಡವೋ ಎಂಬುದು ಅವರನ್ನು ಒಳಗಿನಿಂದ ತಿನ್ನುತ್ತಿತ್ತು. ಮೇಳ ಕೈಬಿಟ್ಟ ಮೇಲೆ ತಾನಿನ್ನೂ ವೇಷಧಾರಿಯೋ ಅಲ್ಲವೋ ಎಂಬುದನ್ನು ಊರ ಬಾಯಿಂದಲೇ ಕೇಳಬೇಕಾಗಿತ್ತು.

“ನೀ ಸಭೆ ಮಾಡ್ತೀಯಲ್ಲ, ಮಾಡು. ನೋಡ್ದವ್ರೆಲ್ಲ ಮಾತಾಡ್ಲಿ. ನನ್ನ ಹೆಸ್ರು ತೆಗೀಬೇಡ. ನಾ ಹಿಂದೆ ಕೂತು ಕೇಳ್ತೆ. ಒಬ್ರಾದ್ರೂ ಹೆದ್ರಿದ್ರೆ ಸಾಕು, ಹೋಗ್ತೆ.”

ಮೊದಲ ಆಟಕ್ಕೆ ಇಬ್ಬರೂ ಹೋದೆವು. ಡೇರೆಯೊಳಗೆ ತಂಪು ಮರಳು, ಬೀಡಿಯ ಹೊಗೆ, ಹೊರಗೆ ಜನರೇಟರಿನ ಗುಂಯ್ ನಾದ. ಹಗ್ಗದಾಚೆ ಹೆಂಗಸರ ನಡುವೆ ಅತ್ತಿಗೆಯೂ ಕೂತಿದ್ದರು. ರಕ್ಕಸ ನೀರಿನಿಂದ ಏಳುತ್ತಿದ್ದಂತೆ ಅಳಿವೆಯ ಗಾಳಿ ಪರದೆಯನ್ನು ಉಬ್ಬಿಸಿತು. ಅವನು ನಮ್ಮತ್ತ ಬೆಳೆದು ಬಂದ. ಒಂದು ಗಳಿಗೆ ಡೇರೆಯೆಲ್ಲ ನಿಶ್ಶಬ್ದ. ಪಕ್ಕದಲ್ಲಿ ವೇಷದಣ್ಣ ಬೆನ್ನು ನೇರ ಮಾಡಿ ಕೂತದ್ದು ನನಗೆ ಕತ್ತಲಲ್ಲೂ ತಿಳಿಯಿತು… ಅಷ್ಟರಲ್ಲಿ ಹಾಸ್ಯಗಾರನೊಬ್ಬ ಕೊಡಪಾನ ತಲೆಗೆ ಹಾಕಿಕೊಂಡು ಅಡ್ಡ ಬಂದ. ಜನ ಗೊಳ್ಳೆಂದು ನಕ್ಕರು. ಆಮೇಲೆ ಆ ನಗು ನಿಲ್ಲಲೇ ಇಲ್ಲ. ಅದು ನಗಿಸುವ ಚಿತ್ರವೆಂದು ಕಂಪನಿಯವರು ಅವರಿಗೆ ಹೇಳಿಯೇ ಇರಲಿಲ್ಲ. ಪರದೆಯ ಮೇಲೆ ಅವರೊಬ್ಬರು ಮಾತ್ರ ಪೂರ್ಣ ಶ್ರದ್ಧೆಯಿಂದ ಹೆದರಿಸುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ನಗು ಬಂದದ್ದು ಒಂದು ಚಿಕ್ಕ ದೃಶ್ಯಕ್ಕೆ. ಹಾಸ್ಯಗಾರನನ್ನು ಗುಡ್ಡದ ಮೇಲೆಲ್ಲ ಅಟ್ಟಾಡಿಸಿದ ರಕ್ಕಸ ಬಳಲಿ ಕಲ್ಲಿನ ಮೇಲೆ ಕೂರುತ್ತಾನೆ. ಎಡಗಾಲನ್ನು ಮೆಲ್ಲಗೆ ಮುಂದಕ್ಕೆ ಚಾಚಿ, ಅಂಗೈಯಿಂದಲ್ಲ, ಮುಂಗೈಯಿಂದ ಮಂಡಿ ತಿಕ್ಕಿಕೊಳ್ಳುತ್ತಾನೆ. ಚಿತ್ರೀಕರಣ ನಿಂತಿದೆಯೆಂದುಕೊಂಡು ಅವರು ಕೂತ ಗಳಿಗೆ ಅದು. ಯಂತ್ರ ತಿರುಗುತ್ತಲೇ ಇತ್ತು. ನಾನು ಪಕ್ಕಕ್ಕೆ ನೋಡಿದೆ. ವೇಷದಣ್ಣನ ಮುಂಗೈ ಆಗಲೂ ಅವರ ಮಂಡಿಯ ಮೇಲೆಯೇ ಇತ್ತು.

ಸಭೆ ಭಾನುವಾರ ಮಧ್ಯಾಹ್ನ ಸೇರಿತು. ಪರ, ವಿರೋಧ ಎಂದು ಎರಡು ಬದಿಗೆ ಚಾಪೆ ಹಾಸಿದ್ದೆ. ಜನ ತಮಗೆ ನೆರಳು ಸಿಕ್ಕಲ್ಲಿ ಕೂತರು. ವೇಷದಣ್ಣ ಕಡೆಯ ಕಂಬಕ್ಕೊರಗಿದ್ದರು. ನಾನು ಪೀಠಿಕೆ ಮುಗಿಸುವ ಮೊದಲೇ ದೋಣಿ ನಡೆಸುವ ಮುದುಕರೊಬ್ಬರು ಎದ್ದರು.

“ಮುಳುಗಿ ಎದ್ದು ಬಂತಲ್ಲ, ಅದರ ಕೂದ್ಲು ಆಚೆ ಗುಡ್ಡಕ್ಕೆ ಹೋಗೂದ್ರೊಳಗೆ ಒಣಗೋಯ್ತು. ನನ್ನ ಪಂಚೆ ಎರಡು ದಿನ ಆದ್ರೂ ಒಣಗುದಿಲ್ಲ.”

ದರ್ಜಿಯೊಬ್ಬ, ಬೆನ್ನ ಮೇಲಿನ ಹೊಲಿಗೆ ಬಿಟ್ಟದ್ದನ್ನು ತಾನು ಕಂಡೆನೆಂದೂ ರಕ್ಕಸ ತನ್ನ ಅಂಗಡಿಗೆ ಬಂದರೆ ಸರಿಮಾಡಿ ಕೊಡುವೆನೆಂದೂ ಹೇಳಿದ. ಭಟ್ಕಳದಿಂದ ಬಟ್ಟೆಗಂಟು ಹೊತ್ತು ಬರುತ್ತಿದ್ದ ಸಾಹೇಬರು ಗಡ್ಡ ನೀವಿಕೊಂಡು, “ನೀವೆಲ್ಲ ಏನೇ ಹೇಳಿ, ಬಹಳ ಶರೀಫ್ ರಾಕ್ಷಸ, ಮರ್ಯಾದಸ್ಥ. ಬಾಗಿಲಿಗೆ ಬಂದಾಗ ತಲೆ ಬಗ್ಗಿಸಿಯೇ ಒಳಗೆ ಬಂದ” ಎಂದರು. ಜಗಲಿ ಬಿದ್ದು ಬಿದ್ದು ನಕ್ಕಿತು. ನನಗೆ ನಗು ಬರಲಿಲ್ಲ. ವೇಷದಣ್ಣನ ಮನೆಯ ಬಾಗಿಲು ಎಷ್ಟು ಗಿಡ್ಡವೆಂದು ನಾನು ಬಲ್ಲೆ.

ಕೊನೆಗೆ, ಬೇರೆ ದಾರಿ ಕಾಣದೆ, ನೇರವಾಗಿ ಕೇಳಿದೆ: “ಈ ಚಿತ್ರವನ್ನು ನೋಡಿ ನಿಮ್ಮಲ್ಲಿ ಯಾರಿಗಾದರೂ ಭಯವಾಯಿತೇ?”

ಯಾರೂ ಕೈ ಎತ್ತಲಿಲ್ಲ. ಒಂದಿಬ್ಬರು ಮುಖ ಮುಖ ನೋಡಿಕೊಂಡರು. ಕಡೆಯ ಕಂಬದ ಕಡೆ ನೋಡುವ ಧೈರ್ಯ ನನಗಾಗಲಿಲ್ಲ. ಆಗ ಮೆಟ್ಟಿಲ ಮೇಲೆ ಕೂತಿದ್ದ ಹೆಂಗಸರ ಗುಂಪಿನಿಂದ ಅತ್ತಿಗೆ ಎದ್ದು ನಿಂತರು.

“ನಾ ಹೆದ್ರಿದೆ.”

ಪಕ್ಕದ ಮೀನು ಮಾರುವವಳು ಆಕೆಯ ಸೆರಗು ಜಗ್ಗಿದಳು. “ನೀ ಎಂತಕ್ಕೆ ಹೆದ್ರೂದೆ ಮಾರಾಯ್ತಿ? ನಿನ್ನ ಮನೇಲೇ ಒಂದು ರಕ್ಕಸ ಅದೆಯಲ್ಲ.”

“ಅದಕ್ಕೇ ಹೆದ್ರಿದೆ.”

ಮತ್ತೆ ನಗು. ಅದು ಅಡಗುವ ತನಕ ಆಕೆ ನಿಂತೇ ಇದ್ದರು. ಆಮೇಲೆ, ಯಾರನ್ನೂ ನೋಡದೆ, ಹಗ್ಗ ಹೊಸೆದು ಒರಟಾದ ಅಂಗೈಗಳನ್ನು ಒಂದಕ್ಕೊಂದು ಉಜ್ಜುತ್ತ ಹೇಳಿದರು: “ಕಲ್ಲ ಮೇಲೆ ಕೂತ್ಕಂಡು ಮಂಡಿ ತಿಕ್ತಲ್ಲ, ಆವಾಗ. ಆ ಕಾಲಲ್ಲಿ ಅದನ್ನ ಅಷ್ಟು ದೂರ ಓಡ್ಸ್ಬಾರ್ದಾಗಿತ್ತು.”

ಜನ ಅದನ್ನೂ ತಮಾಷೆಯೆಂದೇ ತಿಳಿದರು. ನನ್ನ ಜೇಬಿನಲ್ಲಿದ್ದ ನಿರ್ಣಯ ಜೇಬಿನಲ್ಲೇ ಉಳಿಯಿತು. ಆ ಮಾತಿನ ಮೇಲೆ ಮತ ಕೇಳುವುದು ಹೇಗೆಂದು ಯಾವ ಚರ್ಚಾಕೂಟವೂ ನನಗೆ ಕಲಿಸಿರಲಿಲ್ಲ. ಸಭೆ ಮುಗಿಯಿತು ಎಂದೆ. ಗಂಡ ಹೆಂಡತಿ ಮನೆಯ ಕಡೆ ಹೊರಟರು. ನಾನು ಸ್ವಲ್ಪ ಹಿಂದೆ. ಬಿಳಿಯ ಬಿಸಿಲು, ಹೊಳೆಯ ಕಡೆಯಿಂದ ಸಿಪ್ಪೆ ಬಡಿಯುವ ಸದ್ದು. ಯಾವಾಗಲೂ ಬಿರಬಿರನೆ ನಡೆಯುತ್ತಿದ್ದ ಅತ್ತಿಗೆ ಆ ದಿನ ಹೆಜ್ಜೆ ಸಣ್ಣದು ಮಾಡಿ, ಕುಂಟುವ ಕಾಲಿಗೆ ಸರಿಯಾಗಿ ನಡೆಯುತ್ತಿದ್ದರು. ಆ ದಾರಿ ಇನ್ನೂ ಮುಗಿದಿಲ್ಲವೇನೋ ಎಂದು ಕೆಲವೊಮ್ಮೆ ನನಗೆ ಅನಿಸುತ್ತದೆ…

ಮಳೆ ಮುಗಿದು ಕಂಪನಿಯ ಕರೆ ಬಂದಾಗ ನಾನೇ ಕೇಳಿದೆ. “ಹೋಗುದಿಲ್ವಾ ವೇಷದಣ್ಣ? ಒಬ್ರು ಹೆದ್ರಿದ್ರಲ್ಲ.”

ಅವರು ಅತ್ತಿಗೆ ಹೊಸೆದಿಟ್ಟ ಹಗ್ಗವನ್ನು ಸಿಂಬೆ ಸುತ್ತುತ್ತಿದ್ದರು. ತಲೆಯೆತ್ತದೆ ಹೇಳಿದರು: “ಹೌದು. ಹೆದ್ರಿದ್ರು. ಇನ್ನು ಹೆದ್ರ್ಸೂದು ಬೇಡ.”

ಇಬ್ಬರೂ ಈಗಿಲ್ಲ. ಆ ಚಿತ್ರದ ಸುರುಳಿ ಎಲ್ಲಾದರೂ ಉಳಿದಿದೆಯೇ ಎಂದು ಬಲ್ಲವರನ್ನು ವಿಚಾರಿಸಿದ್ದೇನೆ, ಯಾರಿಗೂ ಗೊತ್ತಿಲ್ಲ. ಉಳಿದಿದ್ದರೂ ಅದರಲ್ಲಿ ಅವರ ಮುಖವಿಲ್ಲ, ಹೆಸರಿಲ್ಲ. ನಾರಿನೊಳಗಿನ ಮನುಷ್ಯನನ್ನು ಯಾರೂ ಹೇಳದೆಯೇ ಗುರುತಿಸಬಲ್ಲ ಒಬ್ಬರೇ ಒಬ್ಬರು ಅವರಿಗಿಂತ ಮೊದಲೇ ಹೋದರು. ಆಮೇಲೆ ವೇಷದಣ್ಣ ಜಗಲಿಯಲ್ಲಿ ಕೂತು ಮಂಡಿ ತಿಕ್ಕಿಕೊಳ್ಳುವಾಗ ಒಳಬಾಗಿಲ ಕಡೆ ನೋಡುತ್ತಿದ್ದರು.

ಕಾಲೊರಸನ್ನು ಅಂಗಳದ ಗೋಡೆಯ ಮೇಲೆ ಒಣಗಹಾಕಿದ್ದೇನೆ. ಬಿಸಿಲು ಚೆನ್ನಾಗಿದೆ. ಗಾಳಿ ಬಂದಾಗ ನಾರಿನ ತುದಿಗಳು ಸ್ವಲ್ಪ ಅಲುಗುತ್ತವೆ, ಮತ್ತೆ ಸುಮ್ಮನಾಗುತ್ತವೆ. ಸಂಜೆಯೊಳಗೆ ವಾಸನೆ ಹೋಗಿಬಿಡುತ್ತದೆ…