ಫಲಕದ ಕೊನೆಯ ಹೆಸರು

ಇವತ್ತು ಬೆಳಿಗ್ಗೆ ನಮ್ಮ ಗೇಟಿಗೆ ಪೈಂಟ್ ಹೊಡೆಯುತ್ತಿದ್ದರು. ಆ ವಾಸನೆಗೆ ನನ್ನ ಅಂಗೈ ಬೆವರಿತು.

ನನ್ನ ಬಾಲ್ಯದಲ್ಲಿ ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟ್ರಾಗಿದ್ದರು. ಓಟದಲ್ಲಿ ಗೆದ್ದ ಹಳೆ ವಿದ್ಯಾರ್ಥಿಗಳ ಹೆಸರನ್ನು ಫಲಕದಲ್ಲಿ ಬರೆಯಲು ಹೆಡ್‌ಮಾಸ್ಟ್ರು ಪಟ್ಟಿ ಕೊಟ್ಟಿದ್ದರು. ಪಟ್ಟಿಯಲ್ಲಿಲ್ಲದ ಒಂದು ಹೆಸರನ್ನೂ ಅಪ್ಪ ಕೊನೆಗೆ ಬರೆದುಬಿಟ್ಟರು. ಅದು ಡ್ರಿಲ್ ಮಾಸ್ಟ್ರು ಐತಪ್ಪನವರದ್ದು.

“ಕೇಳದೆ ಎಂತಕ್ಕೆ ಬರೆದದ್ದು? ಕೆಲಸ ಹೋದರೆ?” ಅಮ್ಮ ಹೆದರಿದಳು.

“ಅವರಿಗೆಲ್ಲ ಓಡ್ಲಿಕ್ಕೆ ಕಲಿಸಿದ್ದು ಯಾರು ಮಾರಾಯ್ತಿ?” ಎನ್ನುತ್ತಾ ಅಪ್ಪ ಉಗುರಿಗೆ ಅಂಟಿದ ಪೈಂಟನ್ನು ಸೀಮೆಎಣ್ಣೆಯಲ್ಲಿ ಉಜ್ಜಿದರು.

ಸಭೆಯ ದಿನ ಫಲಕದ ಪರದೆ ಸರಿಸಿ ಹೆಡ್‌ಮಾಸ್ಟ್ರು ಒಂದೊಂದೇ ಹೆಸರು ಓದಿದರು. ಕಾರಡ್ಕದಿಂದ, ಸೀತಾಂಗೋಳಿಯಿಂದ ಬಂದಿದ್ದ ಮೀಸೆಯ ಓಟಗಾರರು ಕ್ಲಾಸಿನಲ್ಲಿ ಹಾಜರಿ ಕರೆದಂತೆ “ಹಾಜರ್ ಸಾರ್” ಎಂದು ಎದ್ದು ನಿಂತರು. ಕೊನೆಯ ಸಾಲಿಗೆ ಬಂದಾಗ ಹೆಡ್‌ಮಾಸ್ಟ್ರು ಕನ್ನಡಕ ತೆಗೆದು ಒರೆಸಿ, ಅಪ್ಪನನ್ನೇ ನೋಡಿದರು. ನಾನು ಅಮ್ಮನ ಸೆರಗು ಹಿಡಿದುಕೊಂಡೆ.

“ಐತಪ್ಪ.”

ಬಾಗಿಲ ಬಳಿ ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದ ಡ್ರಿಲ್ ಮಾಸ್ಟ್ರ ಬಾಯಿಯಿಂದ ವಿಸಿಲ್ ಜಾರಿ ಬಿತ್ತು. ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತರು, ಸ್ವರ ಮಾತ್ರ ಹೊರಡಲಿಲ್ಲ.

ಓಟಗಾರರೇ ಒಟ್ಟಿಗೆ ಕೂಗಿದರು: “ಹಾಜರ್ ಸಾರ್!”

ಗೇಟಿನ ಪೈಂಟ್ ಆಗಲೇ ಒಣಗಿದೆ. ನನ್ನ ಅಂಗೈ ಇನ್ನೂ ಒಣಗಿಲ್ಲ.